ಕೂಡಿ ಓದುವುದು, ತಿಳಿದು ಓದುವುದು: ಪ್ರೌಢಶಾಲಾ ವಿದ್ಯಾರ್ಥಿಗಳ ವಾಚನ ಕೌಶಲ ಮತ್ತು ಸಹಯೋಗದ ಕಲಿಕೆ

ಪೀಠಿಕೆ

ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ವಿಜ್ಞಾನ ಪಾಠದ ಒಂದು ಪರಿಚ್ಛೇದವನ್ನು ಗಟ್ಟಿಯಾಗಿ ಓದುತ್ತಾನೆ. ಎಲ್ಲಿಯೂ ತಡವರಿಸುವುದಿಲ್ಲ. ಉಚ್ಚಾರಣೆ ಸ್ಪಷ್ಟವಾಗಿದೆ, ಅಲ್ಪಪ್ರಾಣ ಮಹಾಪ್ರಾಣಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಇವೆ. ಅಧ್ಯಾಪಕರು ತೃಪ್ತರಾಗಿ ಅವನನ್ನು ಕುಳಿತುಕೊಳ್ಳಲು ಹೇಳುತ್ತಾರೆ. ಆದರೆ ಆಗ ಯಾರಾದರೂ, "ನೀನು ಈಗ ಓದಿದ ಭಾಗದಲ್ಲಿ ಏನು ಹೇಳಿದೆ?" ಎಂದು ಕೇಳಿದರೆ ಆ ಹುಡುಗ ತಲೆ ತಗ್ಗಿಸುತ್ತಾನೆ, ಇಲ್ಲವೇ ಪರಿಚ್ಛೇದದ ಮೊದಲನೆಯ ವಾಕ್ಯವನ್ನೇ ಮತ್ತೊಮ್ಮೆ ಓದಿ ಒಪ್ಪಿಸುತ್ತಾನೆ. ಇಂತಹ ವಿದ್ಯಾರ್ಥಿಗಳನ್ನು ಕಾಣದ ಅಧ್ಯಾಪಕರು ವಿರಳ. ಅವನಿಗೆ ಅಕ್ಷರಗಳು ಬರುತ್ತವೆ, ಓದು ಬರುವುದಿಲ್ಲ.

ಈ ಕೊರತೆ ಭಾಷಾ ವಿಷಯಕ್ಕೆ ಮಾತ್ರ ಸೀಮಿತವಲ್ಲ. ಇತಿಹಾಸದ ಕಾರಣ ಪರಿಣಾಮಗಳನ್ನು ಬೇರ್ಪಡಿಸುವುದಕ್ಕೂ, ಗಣಿತದ ಹೇಳಿಕೆ ರೂಪದ ಸಮಸ್ಯೆಯನ್ನು ಬಿಡಿಸುವುದಕ್ಕೂ, ಪರೀಕ್ಷೆಯ ಪ್ರಶ್ನೆಪತ್ರಿಕೆ ಏನನ್ನು ಕೇಳುತ್ತಿದೆ ಎಂದು ತಿಳಿಯುವುದಕ್ಕೂ ಓದೇ ಆಧಾರ. ಕಿರಿಯ ತರಗತಿಗಳಲ್ಲಿ ಮಗು ಓದಲು ಕಲಿಯುತ್ತದೆ. ಪ್ರೌಢಶಾಲೆಯಲ್ಲಿ ಓದಿ ಕಲಿಯಬೇಕಾಗುತ್ತದೆ. ಮೊದಲನೆಯದು ಅರೆಯಾಗಿ ಉಳಿದ ವಿದ್ಯಾರ್ಥಿಗೆ ಎರಡನೆಯದು ಪ್ರತಿದಿನದ ಸೋಲಾಗುತ್ತದೆ. ಅವನನ್ನು ದಡ್ಡನೆಂದು ಕರೆಯುವುದು ಸುಲಭ. ತನ್ನನ್ನು ತಾನೇ ಹಾಗೆಂದು ನಂಬಿದ ವಿದ್ಯಾರ್ಥಿ ಶಾಲೆಯನ್ನು ತೊರೆಯಲು ಹೆಚ್ಚು ಕಾಲ ಬೇಕಾಗುವುದಿಲ್ಲ.

2023ರಲ್ಲಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷ ವಯಸ್ಸಿನವರನ್ನು ಕುರಿತು ನಡೆದ 'ಅಸರ್' ಸಮೀಕ್ಷೆಯ ಪ್ರಕಾರ, ಸುಮಾರು ಶೇಕಡ 25ರಷ್ಟು ಮಂದಿ ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಸರಾಗವಾಗಿ ಓದಲಾರರು. ಇದು ಕೇವಲ ಸರಾಗ ಓದಿನ ಲೆಕ್ಕ. ಸರಾಗವಾಗಿ ಓದಿಯೂ ಅರ್ಥ ಹಿಡಿಯಲಾರದವರು ಈ ಸಂಖ್ಯೆಯೊಳಗೆ ಸೇರಿಲ್ಲ ಎಂಬುದನ್ನು ಗಮನಿಸಬೇಕು.

ಈ ಸಮಸ್ಯೆಗೆ ಪರಿಹಾರವಾಗಿ ಹಲವು ದೇಶಗಳ ಶಾಲೆಗಳಲ್ಲಿ ಪರೀಕ್ಷಿಸಿ ನೋಡಲಾದ ವಿಧಾನಗಳಲ್ಲಿ ಸಹಯೋಗದ ಕಲಿಕೆ ಮುಖ್ಯವಾದುದು. ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಕೂಡಿ ಓದಿ, ಒಬ್ಬರನ್ನೊಬ್ಬರು ಪ್ರಶ್ನಿಸಿ, ಅರ್ಥವನ್ನು ಜೊತೆಯಾಗಿ ಕಂಡುಕೊಳ್ಳುವ ಈ ಕ್ರಮವನ್ನು ಅಧ್ಯಾಪಕರಿಗೂ ಪಾಲಕರಿಗೂ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊರನಾಡ ಕನ್ನಡಿಗರಿಗೆ ಇದರ ವಿಶೇಷ ಅಗತ್ಯ

ಸಂವಿಧಾನಕ್ಕೆ 1956ರಲ್ಲಿ ಸೇರಿಸಲಾದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ನೀಡಲು ಸಾಕಷ್ಟು ಸೌಕರ್ಯಗಳನ್ನು ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಪ್ರೌಢಶಾಲೆಯ ಮಾತು ಆ ವಿಧಿಯಲ್ಲಿಲ್ಲ. ಮುಂಬಯಿ, ಸೊಲ್ಲಾಪುರಗಳಂತಹ ಊರುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಬಹುಕಾಲದಿಂದ ನಡೆದುಬಂದಿವೆ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಆದರೂ ಹೊರನಾಡಿನ ಅನೇಕ ಮಕ್ಕಳು ಒಂದು ಹಂತದಲ್ಲಿ ಕನ್ನಡದಿಂದ ಮರಾಠಿಗೋ ತಮಿಳಿಗೋ ತೆಲುಗಿಗೋ ಹಿಂದಿಗೋ ಇಂಗ್ಲಿಷಿಗೋ ಮಾಧ್ಯಮವನ್ನು ಬದಲಿಸಬೇಕಾಗುತ್ತದೆ.

ಮಾಧ್ಯಮ ಬದಲಾದಾಗ ಪದಗಳು ಹೊಸವಾಗುತ್ತವೆ, ಲಿಪಿಯೂ ಹೊಸದಾಗಬಹುದು. ಆದರೆ ಓದುವಾಗ ಮುಂದಿನದನ್ನು ಊಹಿಸುವುದು, ತಿಳಿಯದ ಕಡೆ ನಿಲ್ಲುವುದು, ತನಗೆ ತಾನೇ ಪ್ರಶ್ನೆ ಹಾಕಿಕೊಳ್ಳುವುದು, ಸಾರವನ್ನು ಹಿಡಿಯುವುದು - ಈ ಅಭ್ಯಾಸಗಳು ಯಾವ ಒಂದು ಭಾಷೆಯ ಸೊತ್ತೂ ಅಲ್ಲ. ಒಂದು ಭಾಷೆಯಲ್ಲಿ ರೂಢಿಸಿಕೊಂಡವನು ಅವನ್ನು ಇನ್ನೊಂದಕ್ಕೆ ಕೊಂಡೊಯ್ಯಬಲ್ಲ. ಆದುದರಿಂದ ಕನ್ನಡದ ತರಗತಿಯಲ್ಲಿ ಗಳಿಸಿದ ಓದಿನ ಸಾಮರ್ಥ್ಯವು ಮಗುವಿನ ಮುಂದಿನ ವಿದ್ಯಾಭ್ಯಾಸಕ್ಕೆ, ಅದು ಯಾವ ಭಾಷೆಯಲ್ಲೇ ನಡೆಯಲಿ, ಬಂಡವಾಳವಾಗುತ್ತದೆ.

ಸಹಯೋಗ ಎಂದರೇನು?

ನಾಲ್ವರನ್ನು ಒಂದು ಬೆಂಚಿನ ಸುತ್ತ ಕೂಡಿಸಿದ ಮಾತ್ರಕ್ಕೆ ಅದು ಸಹಯೋಗದ ಕಲಿಕೆಯಾಗುವುದಿಲ್ಲ. ಅಂತಹ ಗುಂಪಿನಲ್ಲಿ ಸಾಮಾನ್ಯವಾಗಿ ಒಬ್ಬನು ಕೆಲಸ ಮಾಡುತ್ತಾನೆ, ಇಬ್ಬರು ನೋಡುತ್ತಾರೆ, ನಾಲ್ಕನೆಯವನು ಕಿಟಕಿಯ ಹೊರಗೆ ನೋಡುತ್ತಾನೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ನಿಜವಾದ ಸಹಕಾರಿ ಕಲಿಕೆಗೆ ಐದು ಲಕ್ಷಣಗಳನ್ನು ಗುರುತಿಸಿದ್ದಾರೆ:

1. ಪರಸ್ಪರಾವಲಂಬನೆ: ಒಬ್ಬರ ಯಶಸ್ಸು ಇನ್ನೊಬ್ಬರ ಯಶಸ್ಸನ್ನು ಅವಲಂಬಿಸಿರಬೇಕು.
2. ವೈಯಕ್ತಿಕ ಹೊಣೆ: ಗುಂಪಿನ ಪ್ರತಿಯೊಬ್ಬನೂ ತಾನು ಕಲಿತದ್ದನ್ನು ತಾನೇ ತೋರಿಸಬೇಕು.
3. ಎದುರುಬದುರು ಕುಳಿತು ಒಬ್ಬರಿಗೊಬ್ಬರು ನೆರವಾಗುವ ಮಾತುಕತೆ.
4. ಆಲಿಸುವುದು, ಸರದಿ ಕಾಯುವುದು, ನೋಯಿಸದೆ ಭಿನ್ನಾಭಿಪ್ರಾಯ ಹೇಳುವುದು ಮೊದಲಾದ ಸಾಮಾಜಿಕ ಕೌಶಲಗಳು.
5. ಗುಂಪು ಹೇಗೆ ಕೆಲಸ ಮಾಡಿತೆಂದು ಕೊನೆಯಲ್ಲಿ ಎಲ್ಲರೂ ಕೂಡಿ ಮಾಡುವ ಅವಲೋಕನ.

ಇವುಗಳ ಪೈಕಿ ಮೊದಲನೆಯ ಎರಡು ಅತಿಮುಖ್ಯ. ಪರಸ್ಪರಾವಲಂಬನೆ ಇಲ್ಲದಿದ್ದರೆ ಗುಂಪು ಇರುವುದಿಲ್ಲ. ವೈಯಕ್ತಿಕ ಹೊಣೆ ಇಲ್ಲದಿದ್ದರೆ ದುರ್ಬಲನಾದ ವಿದ್ಯಾರ್ಥಿ ಗುಂಪಿನ ಮರೆಯಲ್ಲಿ ಅಡಗಿಕೊಳ್ಳುತ್ತಾನೆ.

ಇದರ ಹಿಂದಿರುವ ತತ್ತ್ವವನ್ನು ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್ಸ್‌ಕಿ (1896-1934) ವಿವರಿಸಿದ್ದಾರೆ. ಮಗು ತಾನಾಗಿ ಮಾಡಬಲ್ಲುದಕ್ಕೂ, ಹೆಚ್ಚು ತಿಳಿದವರ ನೆರವಿನಿಂದ ಮಾಡಬಲ್ಲುದಕ್ಕೂ ನಡುವೆ ಒಂದು ಅಂತರವಿದೆ. ಕಲಿಕೆ ನಡೆಯುವುದು ಆ ಅಂತರದಲ್ಲಿ. ಇಂದು ಇನ್ನೊಬ್ಬರೊಡನೆ ಮಾತಾಡಿ ಮಾಡಿದ್ದನ್ನು ಮಗು ನಾಳೆ ತನ್ನೊಳಗೆ ತಾನೇ ಮಾಡಿಕೊಳ್ಳುತ್ತದೆ. ಒಳ್ಳೆಯ ಓದುಗನ ಮನಸ್ಸಿನಲ್ಲಿ ಓದುವಾಗ ಸದ್ದಿಲ್ಲದೆ ಒಂದು ಸಂಭಾಷಣೆ ನಡೆದಿರುತ್ತದೆ: ಇದು ಏಕೆ ಹೀಗೆ, ಮುಂದೇನು, ಈ ಮಾತಿಗೆ ಅರ್ಥವೇನು. ಓದು ಬಾರದ ವಿದ್ಯಾರ್ಥಿಗೆ ಆ ಸಂಭಾಷಣೆ ಕಾಣಿಸುವುದೂ ಇಲ್ಲ, ಕೇಳಿಸುವುದೂ ಇಲ್ಲ. ಗುಂಪಿನ ಓದು ಅದನ್ನು ಗಟ್ಟಿಯಾಗಿ ನಡೆಸಿ ಅವನ ಕಿವಿಗೆ ಬೀಳುವಂತೆ ಮಾಡುತ್ತದೆ.

ನಮ್ಮ ಪರಂಪರೆಯಲ್ಲಿ

ಕೂಡಿ ಓದುವುದು ನಮಗೆ ಹೊಸದೇನಲ್ಲ. ಗಮಕ ವಾಚನದಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಮತ್ತೊಬ್ಬರು ವ್ಯಾಖ್ಯಾನಿಸುತ್ತಾರೆ. ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿ ಭಾರತವೂ ಓದುಬರಹ ತಿಳಿಯದ ಜನರಿಗೂ ತಲುಪಿದ್ದು ಈ ಬಗೆಯಲ್ಲಿಯೇ. ಓದುವುದು ಬೇರೆ, ಅರ್ಥವನ್ನು ಬಿಡಿಸುವುದು ಬೇರೆ. ಎರಡೂ ಸೇರಿದಾಗಲೇ ವಾಚನ ಪೂರ್ಣವಾಗುತ್ತದೆ ಎಂಬ ತಿಳಿವಳಿಕೆ ಈ ಪದ್ಧತಿಯಲ್ಲಿದೆ.

ಒಬ್ಬ ವಿದ್ಯಾರ್ಥಿಯಿಂದ ಇನ್ನೊಬ್ಬನಿಗೆ ಕಲಿಸುವ ಕ್ರಮಕ್ಕೂ ದಕ್ಷಿಣ ಭಾರತದ ನಂಟಿದೆ. 1789ರಲ್ಲಿ ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕರಾದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡು ಅದನ್ನು ತಮ್ಮಲ್ಲಿಯೂ ಆರಂಭಿಸಿದರು. ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅವರ ವರದಿ ಪ್ರಕಟವಾದ ಮೇಲೆ ಈ ಕ್ರಮವು 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಬ್ರಿಟನ್ನಿನಲ್ಲಿ ಪ್ರಚಾರಕ್ಕೆ ಬಂದಿತು.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಗಮಕದಲ್ಲಿ ಶ್ರೋತೃಗಳು ಕೇಳುತ್ತಾರೆ. ಮದರಾಸು ಪದ್ಧತಿಯಲ್ಲಿ ಕಿರಿಯರು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾರೆ. ಇಂದಿನ ಸಹಯೋಗದ ಓದಿನಲ್ಲಿ ವ್ಯಾಖ್ಯಾನದ ಸರದಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಬರಲೇಬೇಕು. ಈ ವಿಧಾನದ ತಿರುಳು ಇದೇ.

ಪರಸ್ಪರ ಬೋಧನೆ: ನಾಲ್ಕು ಹೆಜ್ಜೆಗಳು

ಅಮೆರಿಕದ ಆ್ಯನ್‌ಮರೀ ಪ್ಯಾಲಿಂಕ್ಸರ್ ಮತ್ತು ಆ್ಯನ್ ಬ್ರೌನ್ ಎಂಬ ವಿದುಷಿಯರು 1984ರಲ್ಲಿ 'ಪರಸ್ಪರ ಬೋಧನೆ' ಎಂಬ ವಿಧಾನವನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವರು ಆರಿಸಿಕೊಂಡವರು ಏಳನೆಯ ತರಗತಿಯ ಮಕ್ಕಳು. ಅಕ್ಷರಗಳನ್ನು ಸರಿಯಾಗಿ ಓದಬಲ್ಲವರು, ಆದರೆ ಓದಿದ್ದನ್ನು ಗ್ರಹಿಸಲಾರದವರು. ಅಂದರೆ ಈ ಲೇಖನದ ಆರಂಭದಲ್ಲಿ ಹೇಳಿದ ವಿದ್ಯಾರ್ಥಿಯಂಥವರೇ. ಸುಮಾರು 20 ಶಾಲಾ ದಿನಗಳ ಅಭ್ಯಾಸದಲ್ಲಿ ಆ ಮಕ್ಕಳ ಗ್ರಹಿಕೆ ಗಮನಾರ್ಹವಾಗಿ ಸುಧಾರಿಸಿತು. ಈ ವಿಧಾನದ ಹೆಜ್ಜೆಗಳು ನಾಲ್ಕು:

1. ಊಹಿಸುವುದು: ಶೀರ್ಷಿಕೆ, ಚಿತ್ರ ಮತ್ತು ಓದಿ ಮುಗಿಸಿದ ಭಾಗದ ಆಧಾರದಿಂದ ಮುಂದೆ ಏನು ಬರಬಹುದೆಂದು ಹೇಳುವುದು. ಊಹೆ ತಪ್ಪಾದರೂ ಚಿಂತೆಯಿಲ್ಲ. ಊಹಿಸಿದವನು ಅದು ಸರಿಯೇ ಎಂದು ನೋಡುವುದಕ್ಕಾಗಿಯಾದರೂ ಗಮನವಿಟ್ಟು ಓದುತ್ತಾನೆ.
2. ಪ್ರಶ್ನಿಸುವುದು: ಓದಿದ ಭಾಗದ ಮೇಲೆ ವಿದ್ಯಾರ್ಥಿಯೇ ಪ್ರಶ್ನೆ ರಚಿಸುವುದು.
3. ಸ್ಪಷ್ಟಪಡಿಸಿಕೊಳ್ಳುವುದು: ತಿಳಿಯದ ಪದ, ತೊಡಕಾದ ವಾಕ್ಯ, ಸಂಬಂಧ ಸಿಗದ ಮಾತುಗಳನ್ನು ಗುರುತಿಸಿ ಕೂಡಿ ಬಿಡಿಸುವುದು.
4. ಸಂಗ್ರಹಿಸುವುದು: ಓದಿದ ಭಾಗದ ಸಾರವನ್ನು ಒಂದೆರಡು ವಾಕ್ಯಗಳಲ್ಲಿ ಸ್ವಂತ ಮಾತಿನಲ್ಲಿ ಹೇಳುವುದು.

ಪ್ರತಿಯೊಂದು ಪರಿಚ್ಛೇದಕ್ಕೂ ಗುಂಪಿನ ಒಬ್ಬನು ಮುಂದಾಳಾಗುತ್ತಾನೆ. ಮುಂದಿನ ಪರಿಚ್ಛೇದಕ್ಕೆ ಇನ್ನೊಬ್ಬನು. ಮೊದಮೊದಲು ಅಧ್ಯಾಪಕರೇ ಮುಂದಾಳಾಗಿ ಮಾಡಿ ತೋರಿಸಬೇಕು. ಅನಂತರ ಕ್ರಮಕ್ರಮವಾಗಿ ಹಿಂದೆ ಸರಿಯಬೇಕು. ಪ್ರಶ್ನೆಯು ಅಧ್ಯಾಪಕರ ಬಾಯಿಂದ ವಿದ್ಯಾರ್ಥಿಯ ಬಾಯಿಗೆ ದಾಟುವುದೇ ಈ ವಿಧಾನದ ಗುರಿ.

ಒಂದು ಮಾದರಿ ಪಾಠ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯ ಎಂಟನೆಯ ತರಗತಿ ಎಂದು ಭಾವಿಸೋಣ. ಪಾಠದ ಶೀರ್ಷಿಕೆ, 'ಮಡಕೆಯ ನೀರು ತಣ್ಣಗಿರುವುದೇಕೆ?' ಪರಿಚ್ಛೇದ ಹೀಗಿದೆ:

"ಮಣ್ಣಿನ ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳಿವೆ. ಒಳಗಿನ ನೀರು ಈ ರಂಧ್ರಗಳ ಮೂಲಕ ಹೊರಮೈಗೆ ಜಿನುಗಿ ಬಾಷ್ಪೀಭವನ ಹೊಂದುತ್ತದೆ. ಇದಕ್ಕೆ ಅಗತ್ಯವಾದ ಉಷ್ಣದ ಬಹುಭಾಗವು ಮಡಕೆಯಿಂದಲೂ ಅದರೊಳಗಿನ ನೀರಿನಿಂದಲೂ ದೊರೆಯುತ್ತದೆ. ಆದುದರಿಂದ ಉಳಿದ ನೀರಿನ ಉಷ್ಣತೆ ತಗ್ಗುತ್ತದೆ. ವಾತಾವರಣದಲ್ಲಿ ತೇವಾಂಶ ಅಧಿಕವಾಗಿದ್ದಾಗ ಈ ಕ್ರಿಯೆ ಮಂದಗೊಳ್ಳುತ್ತದೆ."

ಓದುವ ಮುನ್ನ ಮುಂದಾಳು ಶೀರ್ಷಿಕೆಯನ್ನು ತೋರಿಸಿ ಕೇಳುತ್ತಾನೆ.

ಮುಂದಾಳು: ಇದರಲ್ಲಿ ಏನು ಬರೆದಿರಬಹುದು?
ಎರಡನೆಯವಳು: ಮಣ್ಣು ತಂಪು, ಅದಕ್ಕೇ ನೀರೂ ತಂಪು ಎಂದು ಬರೆದಿರಬಹುದು.

ನಾಲ್ವರೂ ಮೌನವಾಗಿ ಓದುತ್ತಾರೆ.

ಮುಂದಾಳು: ನನ್ನ ಪ್ರಶ್ನೆ ಇದು. ಮಡಕೆಯ ಗೋಡೆಯಲ್ಲಿ ಏನಿವೆ?
ಮೂರನೆಯವನು: ಸೂಕ್ಷ್ಮ ರಂಧ್ರಗಳಿವೆ.
ಅಧ್ಯಾಪಕಿ: ಅದಕ್ಕೆ ಉತ್ತರ ಒಂದೇ ಸಾಲಿನಲ್ಲಿ ಸಿಕ್ಕಿಬಿಟ್ಟಿತು. ಎರಡು ಸಾಲು ಜೋಡಿಸಿದರೆ ಮಾತ್ರ ಉತ್ತರ ಸಿಗುವಂಥ ಪ್ರಶ್ನೆ ಕೇಳಬಲ್ಲೆಯಾ?
ಮುಂದಾಳು: ನೀರು ಹೊರಗೆ ಜಿನುಗಿದರೆ ಒಳಗಿನ ನೀರು ಏಕೆ ತಣ್ಣಗಾಗಬೇಕು?
ನಾಲ್ಕನೆಯವನು: ನನಗೆ 'ಬಾಷ್ಪೀಭವನ' ಎಂಬುದೇ ತಿಳಿಯಲಿಲ್ಲ.
ಎರಡನೆಯವಳು: ಆವಿಯಾಗುವುದು. ಪಕ್ಕದ ಮನೆಯ ಅಕ್ಕನ ಮರಾಠಿ ಪುಸ್ತಕದಲ್ಲಿಯೂ ಇದೇ ಪದ ಇದೆ. ಒದ್ದೆ ಬಟ್ಟೆ ಒಣಗುತ್ತದಲ್ಲ, ಅದೂ ಇದೇ.
ಮೂರನೆಯವನು: ಆವಿಯಾಗಲು ಶಾಖ ಬೇಕು. ಆ ಶಾಖ ಒಳಗಿನ ನೀರಿನಿಂದ ಹೋಗುತ್ತದೆ. ಅದಕ್ಕೇ ನೀರು ತಣ್ಣಗಾಗುತ್ತದೆ.
ಎರಡನೆಯವಳು: ಹಾಗಾದರೆ ನನ್ನ ಊಹೆ ತಪ್ಪು. ಮಣ್ಣಿನ ತಂಪಲ್ಲ, ರಂಧ್ರಗಳ ಕೆಲಸ.
ಮುಂದಾಳು: ಸಾರಾಂಶ ಹೇಳುತ್ತೇನೆ. ಮಡಕೆಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ.
ನಾಲ್ಕನೆಯವನು: ಸೊಲ್ಲಾಪುರದಲ್ಲಿ ನಮ್ಮ ಅಜ್ಜಿಯ ಮನೆಯ ಗಡಿಗೆ ನೀರು ಬಹಳ ತಣ್ಣಗಿರುತ್ತದೆ. ಇಲ್ಲಿ ಅಷ್ಟಿರುವುದಿಲ್ಲ. ಕೊನೆಯ ಸಾಲು ಅದನ್ನೇ ಹೇಳುತ್ತಿದೆಯೇ?

ಈ ಮಾತುಕತೆಗೆ ಐದಾರು ನಿಮಿಷಗಳು ಸಾಕು. ಇಲ್ಲಿ ಅಧ್ಯಾಪಕಿ ಆಡಿದ್ದು ಒಂದೇ ಒಂದು ಬಾರಿ. ಅವರು ಉತ್ತರವನ್ನು ಹೇಳಿಕೊಡಲಿಲ್ಲ; ಪ್ರಶ್ನೆಯನ್ನು ಉತ್ತಮಪಡಿಸಲು ಸೂಚಿಸಿದರು. ಪದ ತಿಳಿಯದೆಂದು ಒಪ್ಪಿಕೊಂಡ ನಾಲ್ಕನೆಯವನೇ ಕೊನೆಯಲ್ಲಿ ಪಾಠವನ್ನು ತನ್ನ ಅನುಭವಕ್ಕೆ ಜೋಡಿಸಿದನು. ಮುಂಬಯಿಯ ತೇವಭರಿತ ಗಾಳಿಯಲ್ಲಿ ನೀರು ನಿಧಾನವಾಗಿ ಆವಿಯಾಗುತ್ತದೆ, ಸೊಲ್ಲಾಪುರದ ಒಣ ಬೇಸಗೆಯಲ್ಲಿ ಬೇಗನೆ. ಐವತ್ತು ಮಂದಿಯ ತರಗತಿಯಲ್ಲಿ "ನನಗೆ ತಿಳಿಯಲಿಲ್ಲ" ಎಂದು ಕೈಯೆತ್ತಿ ಹೇಳಲು ಅವನಿಗೆ ಧೈರ್ಯ ಬರುತ್ತಿರಲಿಲ್ಲ. ನಾಲ್ವರ ನಡುವೆ, 'ಸ್ಪಷ್ಟಪಡಿಸಿಕೊಳ್ಳುವುದು' ಪಾಠದ ಒಂದು ಹೆಜ್ಜೆಯೇ ಆಗಿರುವಾಗ, ತಿಳಿಯದು ಎನ್ನುವುದು ನಾಚಿಕೆಯ ಮಾತಲ್ಲ. ಅದು ಅವನ ಪಾಲಿನ ಕೆಲಸ.

ಹೊರನಾಡಿನ ತರಗತಿಗಳಿಗೆ ಈ ಹೆಜ್ಜೆಯಲ್ಲಿ ಒಂದು ಅನುಕೂಲವೂ ಉಂಟು. ಒಬ್ಬರ ಮನೆಯಲ್ಲಿ 'ಮಡಕೆ', ಇನ್ನೊಬ್ಬರ ಮನೆಯಲ್ಲಿ 'ಗಡಿಗೆ'. ನೆರೆಯವರ ಮರಾಠಿಯಲ್ಲಿ 'ಮಾಠ', ತಮಿಳಿನಲ್ಲಿ 'ಪಾನೈ', ತೆಲುಗಿನಲ್ಲಿ 'ಕುಂಡ', ಹಿಂದಿಯಲ್ಲಿ 'ಮಟಕಾ'. ಮಕ್ಕಳು ಬಲ್ಲ ಈ ಪದಗಳನ್ನೆಲ್ಲ ಅರ್ಥ ಬಿಡಿಸಲು ಬಳಸಿಕೊಳ್ಳಲು ಬಿಡಬೇಕು. ಅದರಿಂದ ಪಠ್ಯದ ಕನ್ನಡ ಕೆಡುವುದಿಲ್ಲ, ಬೇರೂರುತ್ತದೆ.

ಇತರ ಎರಡು ವಿಧಾನಗಳು

ಯೋಚಿಸು, ಜೋಡಿಯಾಗು, ಹಂಚಿಕೋ: ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಫ್ರ್ಯಾಂಕ್ ಲೈಮನ್ 1981ರಲ್ಲಿ ರೂಪಿಸಿದ ಸರಳ ಕ್ರಮವಿದು. ಅಧ್ಯಾಪಕರು ಪ್ರಶ್ನೆ ಹಾಕಿದ ಮೇಲೆ ಮೊದಲು ಒಂದೆರಡು ನಿಮಿಷ ಪ್ರತಿಯೊಬ್ಬನೂ ತಾನೇ ಯೋಚಿಸಬೇಕು. ಅನಂತರ ಪಕ್ಕದವನೊಡನೆ ಚರ್ಚಿಸಬೇಕು. ಕೊನೆಗೆ ತರಗತಿಗೆ ಹೇಳಬೇಕು. ಬೆಂಚುಗಳನ್ನು ಕದಲಿಸುವ ಅಗತ್ಯವೇ ಇಲ್ಲದಿರುವುದರಿಂದ ಇಕ್ಕಟ್ಟಾದ ತರಗತಿಗೂ ಇದು ಒಪ್ಪುತ್ತದೆ. ಗುಂಪು ಕೆಲಸವನ್ನು ಹೊಸದಾಗಿ ಆರಂಭಿಸುವವರು ಇದರಿಂದಲೇ ತೊಡಗುವುದು ಮೇಲು.

ತುಣುಕು ಜೋಡಣೆ: ಎಲಿಯಟ್ ಆ್ಯರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಈ ವಿಧಾನವನ್ನು ಆರಂಭಿಸಿದರು. ಅಲ್ಲಿ ವರ್ಣಭೇದದ ಶಾಲಾ ವ್ಯವಸ್ಥೆ ಕೊನೆಗೊಂಡು ಬೇರೆ ಬೇರೆ ಜನಾಂಗಗಳ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕುಳಿತಾಗ ಹಗೆತನ ತಲೆದೋರಿತ್ತು. ಒಬ್ಬರ ನೆರವಿಲ್ಲದೆ ಇನ್ನೊಬ್ಬರು ಪಾಠ ಪೂರೈಸಲಾಗದಂತೆ ಅವರು ಪಾಠವನ್ನು ಹಂಚಿದರು.

ನಮ್ಮ ಪಠ್ಯದಿಂದ ಒಂದು ಉದಾಹರಣೆ. 'ಕರ್ನಾಟಕದ ಏಕೀಕರಣ' ಎಂಬ ಪಾಠವನ್ನು ನಾಲ್ಕು ತುಣುಕು ಮಾಡಬಹುದು: ಬ್ರಿಟಿಷರ ಕಾಲದಲ್ಲಿ ಮುಂಬಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಪ್ರದೇಶ; 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಉದಯ; ಅದೇ ವರ್ಷ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗ; 1956ರ ನವೆಂಬರ್ 1ರ ಹೊಸ ಮೈಸೂರು ರಾಜ್ಯ ಮತ್ತು 1973ರಲ್ಲಿ ಅದಕ್ಕೆ ಬಂದ ಕರ್ನಾಟಕ ಎಂಬ ಹೆಸರು. ಪ್ರತಿ ಗುಂಪಿನ ನಾಲ್ವರು ಒಂದೊಂದು ತುಣುಕನ್ನು ಪಡೆಯುತ್ತಾರೆ. ಒಂದೇ ತುಣುಕು ದೊರೆತವರೆಲ್ಲ ಮೊದಲು ಒಟ್ಟಾಗಿ ಕುಳಿತು ಅದನ್ನು ಓದಿ ತಿಳಿದುಕೊಳ್ಳುತ್ತಾರೆ. ಬಳಿಕ ತಮ್ಮ ಮೂಲ ಗುಂಪಿಗೆ ಮರಳಿ ಇತರ ಮೂವರಿಗೆ ವಿವರಿಸುತ್ತಾರೆ. ತಾನು ತಿಳಿಯದಿದ್ದರೆ ಮೂವರಿಗೆ ನಷ್ಟವೆಂಬ ಅರಿವು ಪ್ರತಿಯೊಬ್ಬನನ್ನೂ ಎಚ್ಚರದಿಂದ ಓದಿಸುತ್ತದೆ.

ತರಗತಿಯಲ್ಲಿ ಅಳವಡಿಸುವ ಬಗೆ

ಕಿಕ್ಕಿರಿದ ತರಗತಿ, ಕದಲಿಸಲಾಗದ ಬೆಂಚುಗಳು, 40 ನಿಮಿಷಗಳ ಅವಧಿ, ಮುಗಿಸಲೇಬೇಕಾದ ಪಠ್ಯಕ್ರಮ - ಇವು ಅಧ್ಯಾಪಕರ ನೈಜ ಕಷ್ಟಗಳು. ಇವುಗಳ ನಡುವೆಯೂ ಕೆಳಗಿನ ಕ್ರಮ ಸಾಧ್ಯ:

1. ನಾಲ್ವರ ಗುಂಪು ಸಾಕು. ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕುಳಿತರೆ ಗುಂಪು ಸಿದ್ಧ.
2. ಗುಂಪಿನಲ್ಲಿ ಚೆನ್ನಾಗಿ ಓದುವ ಒಬ್ಬರು, ಸಾಧಾರಣ ಇಬ್ಬರು, ಹಿಂದುಳಿದ ಒಬ್ಬರು ಇರಲಿ. ಜಾಣರೆಲ್ಲ ಒಂದು ಕಡೆ, ಹಿಂದುಳಿದವರೆಲ್ಲ ಒಂದು ಕಡೆ ಆಗಬಾರದು. ಗೆಳೆಯರೇ ಕೂಡಿ ಗುಂಪು ಕಟ್ಟಿಕೊಳ್ಳಲು ಬಿಟ್ಟರೆ ಯಾರೂ ಕರೆಯದ ಮಗು ಹೊರಗೆ ಉಳಿಯುತ್ತದೆ.
3. ಅವಧಿಯನ್ನು ಹೀಗೆ ಹಂಚಬಹುದು: ಊಹೆಗೆ 5 ನಿಮಿಷ, ಮೌನವಾದ ಓದು ಮತ್ತು ಚರ್ಚೆಗೆ 20 ನಿಮಿಷ, ಗುಂಪುಗಳು ತರಗತಿಗೆ ವರದಿ ಮಾಡಲು 8 ನಿಮಿಷ, ಪ್ರತಿಯೊಬ್ಬನೂ ಸಾರಾಂಶ ಬರೆಯಲು 7 ನಿಮಿಷ.
4. ವಾರಕ್ಕೆ ಎರಡು ಅವಧಿಗಳಿಂದ ಆರಂಭಿಸಿ. ಮೊದಲನೆಯ ವಾರ ಅಧ್ಯಾಪಕರೇ ನಾಲ್ಕೂ ಹೆಜ್ಜೆಗಳನ್ನು ಮಾಡಿ ತೋರಿಸಲಿ. ಎರಡನೆಯ ವಾರ ವಿದ್ಯಾರ್ಥಿಗಳೊಡನೆ ಹಂಚಿಕೊಳ್ಳಲಿ. ಮೂರನೆಯ ವಾರ ವಿದ್ಯಾರ್ಥಿಗಳೇ ನಡೆಸಲಿ. ನಾಲ್ಕನೆಯ ವಾರ ವಿಜ್ಞಾನ, ಸಮಾಜ ವಿಷಯಗಳಿಗೂ ವಿಸ್ತರಿಸಲಿ.
5. ಗುಂಪಿನ ಸದಸ್ಯರಿಗೆ 1ರಿಂದ 4ರವರೆಗೆ ಸಂಖ್ಯೆ ಕೊಡಿ. ವರದಿಯ ವೇಳೆಯಲ್ಲಿ ಅಧ್ಯಾಪಕರು ಒಂದು ಸಂಖ್ಯೆಯನ್ನು ಕೂಗಿದರೆ ಆ ಸಂಖ್ಯೆಯವನೇ ಗುಂಪಿನ ಪರವಾಗಿ ಹೇಳಬೇಕು. ಯಾರ ಸರದಿ ಬರುವುದೋ ತಿಳಿಯದಿರುವುದರಿಂದ ಗುಂಪು ತನ್ನ ಎಲ್ಲರನ್ನೂ ಸಿದ್ಧಗೊಳಿಸುತ್ತದೆ.

ಕೆಲವು ಎಚ್ಚರಿಕೆಗಳು

ತರಗತಿಯಲ್ಲಿ ಸದ್ದು ಏಳುವುದು ಸಹಜ. ಅದನ್ನು ಅಶಿಸ್ತೆಂದು ಬಗೆಯದೆ, ಪಾಠದ ಮಾತೋ ಬೇರೆ ಮಾತೋ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಅಧ್ಯಾಪಕರು ಈ ವೇಳೆ ಕುರ್ಚಿಯಲ್ಲಿ ಕುಳಿತಿರದೆ ಗುಂಪಿನಿಂದ ಗುಂಪಿಗೆ ನಡೆದು ಆಲಿಸಬೇಕು. ಚೆನ್ನಾಗಿ ಓದುವ ವಿದ್ಯಾರ್ಥಿಯೇ ಎಲ್ಲ ಉತ್ತರಗಳನ್ನೂ ಹೇಳಿಬಿಡುವ ಗುಂಪಿನಲ್ಲಿ, ಅವನಿಗೆ ಪ್ರಶ್ನೆ ಕೇಳುವ ಕೆಲಸವನ್ನು ಮಾತ್ರ ಕೊಡುವುದು ಉಚಿತ. ತಪ್ಪು ಅರ್ಥವನ್ನು ನಾಲ್ವರೂ ಒಪ್ಪಿಕೊಂಡು ಮುಂದೆ ಹೋಗುವ ಅಪಾಯವೂ ಇದೆ. ಕೊನೆಯ ವರದಿ ಮತ್ತು ಅಧ್ಯಾಪಕರ ತಿದ್ದುಪಡಿ ಅದಕ್ಕಾಗಿಯೇ ಇರುವುದು.

ಇನ್ನೂ ಅಕ್ಷರಗಳನ್ನೇ ಕೂಡಿಸಿ ಓದುತ್ತಿರುವ ವಿದ್ಯಾರ್ಥಿಗೆ ಗುಂಪಿನ ಚರ್ಚೆಯೊಂದೇ ಸಾಲದು. ಅವನಿಗೆ ಪ್ರತ್ಯೇಕವಾಗಿ, ಇತರರ ಮುಂದೆ ಕುಗ್ಗಿಸದೆ, ಸರಾಗ ಓದಿನ ಅಭ್ಯಾಸವನ್ನು ಕೊಡಿಸಬೇಕು. ಪರಸ್ಪರ ಬೋಧನೆಯನ್ನು ಕುರಿತ 16 ಅಧ್ಯಯನಗಳನ್ನು ಪರಾಮರ್ಶಿಸಿ ರೋಸೆನ್‌ಶೈನ್ ಮತ್ತು ಮೈಸ್ಟರ್ 1994ರಲ್ಲಿ ಪ್ರಕಟಿಸಿದ ಲೇಖನವು ಇನ್ನೊಂದು ಎಚ್ಚರಿಕೆಯನ್ನು ನೀಡುತ್ತದೆ: ಸಂಶೋಧಕರೇ ಸಿದ್ಧಪಡಿಸಿದ ಪರೀಕ್ಷೆಗಳಲ್ಲಿ ಕಂಡುಬಂದ ಪ್ರಗತಿಯು ಸಾಮಾನ್ಯ ಪ್ರಮಾಣೀಕೃತ ಪರೀಕ್ಷೆಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಪ್ರಯೋಜನವಿದೆ, ಆದರೆ ಒಂದು ತಿಂಗಳಿನ ಪ್ರಯೋಗದಿಂದ ಪವಾಡವನ್ನು ನಿರೀಕ್ಷಿಸಬಾರದು. ವರ್ಷವಿಡೀ, ಎಲ್ಲ ವಿಷಯಗಳಲ್ಲಿ, ರೂಢಿಯಾಗುವವರೆಗೆ ನಡೆಸಿದಾಗಲೇ ಫಲ.

ಪಾಲಕರು ಮತ್ತು ಕನ್ನಡ ಸಂಘಗಳು ಮಾಡಬಹುದಾದುದು

ತಾಯಿತಂದೆಯರು ಹೆಚ್ಚು ಓದಿದವರಾಗಿರಬೇಕೆಂಬ ನಿಯಮವಿಲ್ಲ. ಪಾಠ ಹೇಳಿಕೊಡಲು ಬಾರದ ತಾಯಿಯೂ ಮಗಳನ್ನು ಕೂರಿಸಿಕೊಂಡು, "ಇವತ್ತು ಓದಿದ್ದನ್ನು ನನಗೆ ತಿಳಿಯುವ ಹಾಗೆ ಹೇಳು" ಎಂದು ಕೇಳಬಲ್ಲಳು. ಅದು ಸಂಗ್ರಹದ ಹೆಜ್ಜೆ. "ಯಾವ ಮಾತು ನಿನಗೆ ತಿಳಿಯಲಿಲ್ಲ?" ಎಂಬುದು ಸ್ಪಷ್ಟೀಕರಣದ ಹೆಜ್ಜೆ. "ನೀನು ಮೇಷ್ಟರಾಗಿದ್ದರೆ ಇದರಲ್ಲಿ ಏನು ಕೇಳುತ್ತಿದ್ದೆ?" ಎಂಬುದು ಪ್ರಶ್ನೆಯ ಹೆಜ್ಜೆ. "ಎಷ್ಟು ಪುಟ ಓದಿದೆ?" ಎಂದು ಕೇಳುವುದಕ್ಕಿಂತ ಈ ಮೂರು ಮಾತುಗಳು ಹೆಚ್ಚು ಕೆಲಸ ಮಾಡುತ್ತವೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಸನ್ಮಾನಗಳನ್ನು ನಡೆಸಿಕೊಂಡು ಬಂದಿವೆ. ವಾರಕ್ಕೊಂದು ದಿನ ಒಂದು ಗಂಟೆ, ಸಂಘದ ಕೋಣೆಯಲ್ಲಿ ಎಂಟು ಹತ್ತು ಮಕ್ಕಳನ್ನು ಕೂಡಿಸಿ, ಒಂದು ಸಣ್ಣ ಕಥೆಯನ್ನೋ ಪತ್ರಿಕೆಯ ಲೇಖನವನ್ನೋ ಈ ನಾಲ್ಕು ಹೆಜ್ಜೆಗಳಲ್ಲಿ ಓದಿಸಿದರೆ ಅದಕ್ಕೆ ಹಣದ ಅಗತ್ಯವಿಲ್ಲ. ಬೇರೆ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗೂ ಕನ್ನಡದ ನಂಟು ಇದರಿಂದ ಉಳಿಯುತ್ತದೆ.

ಉಪಸಂಹಾರ

ಪ್ರೊಫೆಸರ್ ಯಶಪಾಲ್ ಸಮಿತಿಯು 1993ರಲ್ಲಿ ಸಲ್ಲಿಸಿದ 'ಹೊರೆಯಿಲ್ಲದ ಕಲಿಕೆ' ಎಂಬ ವರದಿಯಲ್ಲಿ, ಪುಸ್ತಕದ ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರವೇ ಮಕ್ಕಳಿಗೆ ದೊಡ್ಡದೆಂಬ ಅಭಿಪ್ರಾಯ ಮೂಡಿಬಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಹಪಾಠಿಗಳು ಒಬ್ಬರಿಗೊಬ್ಬರು ಕಲಿಸುವುದನ್ನು ಪರಿಣಾಮಕಾರಿ ಮಾರ್ಗವೆಂದು ಗುರುತಿಸಿ, ತರಬೇತಿ ಪಡೆದ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಅದನ್ನು ಸಂತೋಷದ ಚಟುವಟಿಕೆಯಾಗಿ ನಡೆಸಬಹುದೆಂದು ಹೇಳಿದೆ. ನೀತಿ ಕಾಗದದ ಮೇಲಿದೆ. ಅದು ತರಗತಿಗೆ ಇಳಿಯುವುದು ಅಧ್ಯಾಪಕರಿಂದ.

ಓದು ಕೊನೆಗೂ ಏಕಾಂತದ ಕೆಲಸವೇ. ಪರೀಕ್ಷೆಯ ಕೋಣೆಯಲ್ಲಿ, ಮುಂದೆ ಉದ್ಯೋಗದ ಅರ್ಜಿಯನ್ನೋ ಬ್ಯಾಂಕಿನ ಕರಾರುಪತ್ರವನ್ನೋ ಔಷಧದ ಚೀಟಿಯನ್ನೋ ಹಿಡಿದಾಗ ನಮ್ಮ ಮಕ್ಕಳ ಪಕ್ಕದಲ್ಲಿ ಗುಂಪಿನ ಗೆಳೆಯರು ಇರುವುದಿಲ್ಲ. ಆ ದಿನ ಅವರು ತಾವೇ ಪ್ರಶ್ನೆ ಕೇಳಿಕೊಂಡು, ತಾವೇ ಉತ್ತರ ಹುಡುಕಿಕೊಳ್ಳುವಂತಾಗಬೇಕಾದರೆ ಇಂದು ನಾಲ್ವರೊಡನೆ ಕುಳಿತು ಗಟ್ಟಿಯಾಗಿ ಕೇಳಿ ಅಭ್ಯಾಸವಾಗಿರಬೇಕು. ಮುಂದಿನ ವಾರದ ಒಂದು ಅವಧಿಯನ್ನು, ಒಂದು ಪರಿಚ್ಛೇದವನ್ನು ಇದಕ್ಕಾಗಿ ಮೀಸಲಿಡುವುದರಿಂದ ಅಧ್ಯಾಪಕರು ಆರಂಭಿಸಬಹುದು. ಆರಂಭಕ್ಕೆ ಅಷ್ಟು ಸಾಕು.